ಎಟಿ: ಮೊಡೆಮ್ ಜೊತೆ ಮಾತಾಡುವ ಭಾಷೆಯ ಕಥೆ

ಡೇಟಾ ಕಾರ್ಡ್ ಕಾಲ ನೆನಪಿದೆಯಾ? ಯುಎಸ್‌ಬಿಗೆ ಚುಚ್ಚುವ, ಬೆರಳುದ್ದದ ಬಿಳಿ ಕಡ್ಡಿ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವ ನಮ್ಮಂಥ ಮುಂಬೈವಾಸಿಗಳಿಗೆ ಅದೊಂದು ವರದಾನ. ಲ್ಯಾಂಡ್‌ಲೈನ್‌ಗೆ ಅರ್ಜಿ ಹಾಕಬೇಕಿಲ್ಲ, ಸೊಸೈಟಿ ಸೆಕ್ರೆಟರಿಯ ಮುಖ ನೋಡಬೇಕಿಲ್ಲ. ವಿಂಡೋಸ್ ಇದ್ದವರಿಗೆ ಬಣ್ಣದ ಕಿಟಕಿ ತೆರೆದುಕೊಂಡು "ಕನೆಕ್ಟ್" ಎಂಬ ಬಟನ್ ಬರುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಅಲ್ಲಿ ಕಡ್ಡಿ ಮೊದಲು ತಾನೊಂದು ಸಿಡಿ ಡ್ರೈವ್ ಎಂದು ವೇಷ ಹಾಕುತ್ತಿತ್ತು (ವಿಂಡೋಸ್ ಸಾಫ್ಟ್‌ವೇರ್ ಅದರ ಹೊಟ್ಟೆಯಲ್ಲೇ ಇರುತ್ತಿತ್ತಲ್ಲ, ಅದಕ್ಕೆ). ಆ ವೇಷ ಕಳಚಿಸಿ, ಮಿನಿಕಾಮ್ ಎಂಬ ಕಪ್ಪು ಪರದೆ ತೆರೆದು, ಕಡ್ಡಿಯ ಜೊತೆ ನೇರವಾಗಿ ಮಾತಿಗಿಳಿಯಬೇಕು.

'ಎಟಿ' ಅಂತ ಟೈಪಿಸಿ ಎಂಟರ್ ಒತ್ತಿದರೆ 'ಓಕೆ' ಅನ್ನುತ್ತಿತ್ತು. ನಾಲ್ಕಾರು ಪ್ರಶ್ನೋತ್ತರ ಆದ ಮೇಲೆ ಕೊನೆಯ ಸಾಲು: ಎಟಿಡಿ*99#. ಡಿ ಅಂದರೆ ಡಯಲ್. ಉತ್ತರ 'ಕನೆಕ್ಟ್' ಎಂದು ಬಂದರೆ ಇಂಟರ್ನೆಟ್ ಬಂತು ಅಂತ ಲೆಕ್ಕ. (ಟೈಪಿಸುವುದು ಇಂಗ್ಲಿಷ್ ಅಕ್ಷರಗಳನ್ನೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒಂದೊಂದೇ ಅಕ್ಷರವಾಗಿ ಓದಿಕೊಳ್ಳಿ.)

ಸರಿ, ನಾನು ಡಯಲ್ ಮಾಡಿದ್ದು ಯಾರಿಗೆ? ಯಾರಿಗೂ ಅಲ್ಲ! *99# ಎಂಬ ನಂಬರಿನ ಆ ತುದಿಯಲ್ಲಿ ಯಾವ ಫೋನೂ ಇಲ್ಲ. 2014ರಿಂದ ದೇಶಾದ್ಯಂತ ಬ್ಯಾಂಕ್ ಖಾತೆ ನೋಡಲು ಒತ್ತುವ *99# ಬೇರೆಯದು, ಅಂಕಿಗಳಷ್ಟೇ ಒಂದು. ಮೊಬೈಲ್ ಇಂಟರ್ನೆಟ್ಟಿಗೆ ಕರೆ ಎಂಬುದೇ ಬೇಕಿಲ್ಲ. ಆದರೂ ಡಯಲ್ ಮಾಡಿದಂತೆ ನಾವು ನಟಿಸಬೇಕು, ಸಂಪರ್ಕ ಸಿಕ್ಕಿದಂತೆ ಅದು ನಟಿಸಬೇಕು. ಈ ನಾಟಕ ಯಾಕೆ ಅಂತ ಹುಡುಕುತ್ತಾ ಹೋದರೆ 1981ರ ಅಮೆರಿಕಕ್ಕೆ ಹೋಗಿ ನಿಲ್ಲುತ್ತೇವೆ.

ಅದಕ್ಕೂ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಮೆರಿಕದಲ್ಲಿ ಟೆಲಿಫೋನ್ ಅಂದರೆ ಬಹುಮಟ್ಟಿಗೆ ಬೆಲ್ ಕಂಪನಿ. ತನ್ನ ತಂತಿಗೆ ಬೇರೆಯವರ ಉಪಕರಣ ತಾಕಿಸಲು ಅದು ಬಿಡುತ್ತಿರಲಿಲ್ಲ. ಟೆಕ್ಸಸ್‌ನ ಥಾಮಸ್ ಕಾರ್ಟರ್ ಎಂಬಾತ ವೈರ್‌ಲೆಸ್ ರೇಡಿಯೋವನ್ನು ಫೋನಿಗೆ ಜೋಡಿಸುವ 'ಕಾರ್ಟರ್‌ಫೋನ್' ಮಾಡಿ ಜಗಳಕ್ಕೆ ನಿಂತ. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಕಾರ್ಟರ್ ಪರವಾಗಿ ತೀರ್ಪು ಕೊಟ್ಟಿತು. ಆಮೇಲೂ ಹಲವು ವರ್ಷ ಕಂಪ್ಯೂಟರ್ ಮಂದಿ ಫೋನಿನ ರಿಸೀವರನ್ನು ಎರಡು ರಬ್ಬರ್ ಬಟ್ಟಲುಗಳಲ್ಲಿ ಮಲಗಿಸಿ, ಮೊಡೆಮ್ ಕೂಗುವ ಶಿಳ್ಳೆಯನ್ನು ಅದಕ್ಕೆ ಕೇಳಿಸುತ್ತಿದ್ದರು. ನಂಬರನ್ನು ಮನುಷ್ಯರೇ ಬೆರಳಲ್ಲಿ ತಿರುಗಿಸಬೇಕು. ಕಂಪ್ಯೂಟರೇ ಡಯಲ್ ಮಾಡಬೇಕೆಂದರೆ ಅದಕ್ಕೇ ಬೇರೆ ಪೆಟ್ಟಿಗೆ, ಬೇರೆ ಕೇಬಲ್. ದೊಡ್ಡ ಕಂಪನಿಗಳಿಗೆ ಮಾತ್ರ ಎಟುಕುವ ಮಾತು.

ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಂಬಿಬ್ಬರು ಅಟ್ಲಾಂಟಾದಲ್ಲಿ 1977ರ ಹೊತ್ತಿಗೆ ಮನೆಯ ಮೇಜಿನ ಮೇಲೆ ಮೊಡೆಮ್ ಕಾರ್ಡ್‌ಗಳನ್ನು ಬೆಸೆಯಲು ಶುರುಮಾಡಿದರು. ಕಂಪ್ಯೂಟರಿನ ಒಳಗೇ ಕೂರುವ ಕಾರ್ಡ್‌ಗಳವು. 1979ರಲ್ಲಿ ಆಪಲ್ 2ಕ್ಕೆ ಮಾಡಿದ ಮೈಕ್ರೋಮೊಡೆಮ್ ಚೆನ್ನಾಗಿ ಹೋಯಿತು. ಆದರೆ ಒಂದೊಂದು ಕಂಪ್ಯೂಟರಿಗೆ ಒಂದೊಂದು ಕಾರ್ಡ್ ಮಾಡುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಎಲ್ಲ ಕಂಪ್ಯೂಟರುಗಳಲ್ಲೂ ಇದ್ದ ಒಂದೇ ಕಿಂಡಿ ಎಂದರೆ ಸೀರಿಯಲ್ ಪೋರ್ಟ್. ಮೊಡೆಮ್ಮನ್ನು ಹೊರಗಿಟ್ಟು ಅದಕ್ಕೆ ಜೋಡಿಸಿದರೆ ಎಲ್ಲರಿಗೂ ಮಾರಬಹುದು.

ಅಲ್ಲೇ ತೊಡಕು. ಸೀರಿಯಲ್ ಕೇಬಲ್ಲಿನಲ್ಲಿ ಅಕ್ಷರಗಳು ಹೋಗಲು ಒಂದು ದಾರಿ, ಬರಲು ಒಂದು ದಾರಿ, ಅಷ್ಟೆ. ಆ ದಾರಿಯಲ್ಲಿ ಹೋದದ್ದೆಲ್ಲ ಫೋನ್ ತಂತಿಯ ಆಚೆಗೆ ಹೋಗಬೇಕಾದ ಮಾಲು. ಹಾಗಾದರೆ "ಈ ನಂಬರಿಗೆ ಡಯಲ್ ಮಾಡು" ಅಂತ ಮೊಡೆಮ್ಮಿಗೇ ಹೇಳುವುದು ಹೇಗೆ? ಟಪಾಲಿನವನ ಕೈಯಲ್ಲಿ ಕೊಡುವ ಪತ್ರಗಳ ನಡುವೆ ಅವನಿಗೇ ಒಂದು ಪತ್ರ ಇಟ್ಟಂತೆ.

1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೊಡೆಮ್‌ನ ಉಪಾಯ ಇದು. ಮೊಡೆಮ್ಮಿಗೆ ಎರಡು ಸ್ಥಿತಿ. ಶುರುವಿನಲ್ಲಿ ಅದು ಆಜ್ಞೆ ಕೇಳುವ ಸ್ಥಿತಿಯಲ್ಲಿರುತ್ತದೆ. ಎಟಿ ಎಂದು ಶುರುವಾದ ಸಾಲನ್ನು ಮಾತ್ರ ಓದುತ್ತದೆ. ಎಟಿ ಅಂದರೆ 'ಅಟೆನ್ಷನ್', ಗಮನವಿಟ್ಟು ಕೇಳು. ಎಟಿಡಿಟಿ ಮತ್ತು ನಂಬರು ಕೊಟ್ಟರೆ ಟೋನಿನಲ್ಲಿ ಡಯಲ್, ಎಟಿಡಿಪಿ ಅಂದರೆ ಹಳೆಯ ಚಕ್ರದ ಫೋನಿನ ಹಾಗೆ ಕಟಕಟ ಡಯಲ್. ಎಟಿಎ ಅಂದರೆ ಬಂದ ಕರೆ ಎತ್ತು, ಎಟಿಎಚ್ ಅಂದರೆ ಫೋನಿಡು, ಎಟಿಝಡ್ ಅಂದರೆ ಎಲ್ಲ ಮರೆತು ಮೊದಲಿನಂತಾಗು. ಆ ಕಡೆಯ ಮೊಡೆಮ್ ಸಿಕ್ಕಿ 'ಕನೆಕ್ಟ್' ಅಂದಮೇಲೆ ಅದು ಬರೀ ಕೊಳವೆ. ನೀವು ಕೊಟ್ಟದ್ದನ್ನೆಲ್ಲ ಆಚೆಗೆ ದಾಟಿಸುತ್ತದೆ.

ಎ ಮತ್ತು ಟಿ ಅಕ್ಷರಗಳ ಆಯ್ಕೆಯಲ್ಲಿ ಇನ್ನೊಂದು ಅನುಕೂಲ ಅಡಗಿದೆ, ನನಗೆ ಇದು ಬಹಳ ಇಷ್ಟ. ಸೀರಿಯಲ್ ತಂತಿಯಲ್ಲಿ ಪ್ರತಿ ಅಕ್ಷರದ ಮುಂದೆ ಒಂದು ಸೊನ್ನೆ ಬರುತ್ತದೆ. 'ಎ' ಅಕ್ಷರದ ಮೊದಲ ಬಿಟ್ ಒಂದು. ಹಾಗಾಗಿ ಆ ಸೊನ್ನೆ ಎಷ್ಟು ಹೊತ್ತು ಇತ್ತು ಅಂತ ಅಳೆದರೆ ಕಂಪ್ಯೂಟರ್ ಯಾವ ವೇಗದಲ್ಲಿ ಮಾತಾಡುತ್ತಿದೆ ಅಂತ ತಿಳಿಯುತ್ತದೆ. 'ಎ'ಯಲ್ಲಿ ಒಂದುಗಳ ಸಂಖ್ಯೆ ಎರಡು, 'ಟಿ'ಯಲ್ಲಿ ಮೂರು. ಒಂದು ಸಮ, ಒಂದು ಬೆಸ. ಎರಡನ್ನೂ ನೋಡಿದರೆ ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಹೇಗೆ ಹೊಂದಿಸಿದೆ ಎಂಬುದೂ ಗೊತ್ತಾಗುತ್ತದೆ. ಬಾಗಿಲು ಬಡಿದ ಸದ್ದಿನಲ್ಲೇ ಬಂದವರು ಯಾರೆಂದು ಹೇಳುತ್ತಿದ್ದ ನಮ್ಮ ಅಜ್ಜಿಯ ಹಾಗೆ!

ಇನ್ನು ಮಾತಿನ ಮಧ್ಯೆ ಮತ್ತೆ ಮೊಡೆಮ್ಮನ್ನೇ ಕರೆಯಬೇಕಾದರೆ? ಅದಕ್ಕೆ ಮೂರು ಕೂಡಿಕೆ ಚಿಹ್ನೆ: +++. ಆದರೆ ಕಳಿಸುತ್ತಿರುವ ಕಡತದಲ್ಲೇ +++ ಇದ್ದರೆ ಮೊಡೆಮ್ ಮೋಸಹೋಗುತ್ತದಲ್ಲ. ಹೆದರಿಂಗ್ಟನ್ ಹುಡುಕಿದ ಪರಿಹಾರ ಮೌನ. +++ಗೆ ಮುಂಚೆ ಒಂದು ಸೆಕೆಂಡ್, ಆಮೇಲೆ ಒಂದು ಸೆಕೆಂಡ್ ಏನೂ ಬರಬಾರದು. ಓಡುತ್ತಿರುವ ಕಡತದ ನಡುವೆ ಅಂಥ ಮೌನ ಸಾಮಾನ್ಯವಾಗಿ ಇರುವುದಿಲ್ಲ. 1985ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಸೆಕೆಂಡ್ ಸುಮ್ಮನಿರುವುದಕ್ಕೆ ಪೇಟೆಂಟ್ ಸ್ವಾಮಿ!

ಅಷ್ಟರಲ್ಲಿ ಊರೆಲ್ಲ "ಹೇಯ್ಸ್ ಕಂಪಾಟಿಬಲ್" ಮೊಡೆಮ್‌ಗಳು. ಎಟಿ ಭಾಷೆಯನ್ನು ಯಾರು ಬೇಕಾದರೂ ಬಳಸುತ್ತಿದ್ದರು, ಅದನ್ನು ತಡೆಯಲು ಹೇಯ್ಸ್ ಕಂಪನಿಗೆ ಆಗಲಿಲ್ಲ. ಕೈಯಲ್ಲಿದ್ದದ್ದು ಆ ಮೌನ ಒಂದೇ. ಅದನ್ನೇ ಹಿಡಿದು ಬೇರೆ ತಯಾರಕರ ಮೇಲೆ ಮೊಕದ್ದಮೆ ಹೂಡಿ, 1991ರಲ್ಲಿ ಗೆದ್ದಿತು. ಎದುರಾಳಿಗಳು ಮೌನವಿಲ್ಲದ ದಾರಿ ಹುಡುಕಿದರು: +++ ಆದಮೇಲೆ ಸರಿಯಾದ ಎಟಿ ಆಜ್ಞೆ ಬಂದರೆ ಸಾಕು, ಕಾಯುವುದು ಬೇಡ. ಹಣ ಉಳಿಯಿತು. ಆದರೆ 1990ರ ದಶಕದ ಕೊನೆಯಲ್ಲಿ ಪೋಕರಿಗಳಿಗೆ ಇದೇ ಆಟವಾಯಿತು. +++ಎಟಿಎಚ್0 ಎಂಬ ಅಕ್ಷರಗಳನ್ನು ತುಂಬಿದ ಒಂದು 'ಪಿಂಗ್' ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಪಿಂಗ್ ಬಂದರೆ ಅದನ್ನೇ ವಾಪಸ್ ಕಳಿಸುವುದು ಕಂಪ್ಯೂಟರಿನ ಧರ್ಮ. ವಾಪಸ್ ಹೋಗುವ ಆ ಅಕ್ಷರಗಳು ನಿಮ್ಮದೇ ಮೊಡೆಮ್ ಮೂಲಕ ಹಾಯುತ್ತವೆ. ಮೌನಕ್ಕೆ ಕಾಯದ ಅಗ್ಗದ ಮೊಡೆಮ್ ಅದನ್ನು ಯಜಮಾನನ ಆಜ್ಞೆ ಎಂದು ತಿಳಿದು ಫೋನಿಟ್ಟುಬಿಡುತ್ತದೆ. ಚಾಟ್ ಮಾಡುತ್ತಿದ್ದವರು ತಟ್ಟನೆ ಮಾಯ.

ಹೇಯ್ಸ್ ಕಂಪನಿಯ ಕಥೆ ಚೆನ್ನಾಗಿ ಮುಗಿಯಲಿಲ್ಲ. 1994ರಲ್ಲಿ ದಿವಾಳಿ ಅರ್ಜಿ, 1998ರಲ್ಲಿ ಮತ್ತೊಮ್ಮೆ. 1999ರಲ್ಲಿ ಬಾಗಿಲು ಹಾಕಿ, ಹೆಸರನ್ನೂ ಜೂಮ್ ಟೆಲಿಫೋನಿಕ್ಸ್ ಎಂಬ ಪ್ರತಿಸ್ಪರ್ಧಿ ಕೊಂಡಿತು. ಭಾಷೆ ಮಾತ್ರ ಅಷ್ಟರೊಳಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನಕವಾಗಿ ಸೇರಿಹೋಗಿತ್ತು. ಈಗ ಅದರ ಹೆಸರು ವಿ.250.

ನಮ್ಮಲ್ಲಿಗೆ ಬರೋಣ. 1995ರ ಜುಲೈ 31ರಂದು ಕಲ್ಕತ್ತಾದಿಂದ ಜ್ಯೋತಿ ಬಸು ದಿಲ್ಲಿಯ ಸುಖರಾಮ್‌ಗೆ ಮೊದಲ ಮೊಬೈಲ್ ಕರೆ ಮಾಡಿದರು. ಎರಡೇ ವಾರಕ್ಕೆ, ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಜನರಿಗೆ ತೆರೆಯಿತು. ಆ ಡಯಲಪ್ ದಿನಗಳಲ್ಲಿ ಎಟಿ ಆಜ್ಞೆ ಮೊಡೆಮ್ ಸೆಟ್ಟಿಂಗ್‌ನ ಮೂಲೆಯಲ್ಲಿ ಮಂತ್ರದ ಹಾಗೆ ಇರುತ್ತಿತ್ತು. ಹೊರದೇಶದ ಡಯಲ್ ಟೋನಿಗೆ ಹೊಂದಿಸಿದ ಮೊಡೆಮ್ ನಮ್ಮ ಟೋನ್ ಗುರುತಿಸದೆ "ನೋ ಡಯಲ್‌ಟೋನ್" ಎಂದು ಹಟ ಹಿಡಿದರೆ, ಎಟಿಎಕ್ಸ್3 ಎಂದು ಬರೆಯಬೇಕು. ಅಂದರೆ, ಟೋನ್ ಕೇಳದಿದ್ದರೂ ಪರವಾಗಿಲ್ಲ, ಡಯಲ್ ಮಾಡು ಮಾರಾಯ ಅಂತ.

ಮೊಬೈಲನ್ನೂ ಕಂಪ್ಯೂಟರಿಗೆ ಜೋಡಿಸಬೇಕು ಎಂದಾಗ ಯುರೋಪಿನ ಜಿಎಸ್‌ಎಂ ಮಂದಿ ಹೊಸ ಭಾಷೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಜಗತ್ತಿನ ಸಾಫ್ಟ್‌ವೇರೆಲ್ಲ ಎಟಿ ಮಾತಾಡುತ್ತಿತ್ತು. 1990ರ ದಶಕದ ನಡುವೆ ಜಿಎಸ್‌ಎಂ 07.07 ಎಂಬ ದಾಖಲೆ ಬಂತು. ಹಳೆಯ ಆಜ್ಞೆಗಳು ಹಾಗೇ ಉಳಿದವು, ಸೆಲ್ಯುಲರ್ ಸಂಬಂಧದವು +ಸಿ ಎಂದು ಶುರುವಾದವು. ಇಂಟರ್ನೆಟ್ಟಿಗಂತೂ ಕಂಪ್ಯೂಟರಿಗೆ ಗೊತ್ತಿದ್ದದ್ದು ಒಂದೇ ದಾರಿ: ಡಯಲ್ ಮಾಡು, ಕನೆಕ್ಟ್ ಬರಲಿ, ಮಾತು ಶುರುಮಾಡು. ಆ ದಾರಿ ಕೆಡಿಸಬಾರದೆಂದೇ *99# ಎಂಬ ಸುಳ್ಳು ನಂಬರು. ಸಿಡಿಎಂಎ ಕಡ್ಡಿಗಳಲ್ಲಿ ಅದೇ ಕೆಲಸಕ್ಕೆ #777.

ಕಡ್ಡಿಯ ಜೊತೆ ನನ್ನ ದಿನನಿತ್ಯದ ಸಂಭಾಷಣೆ ಹೀಗಿರುತ್ತಿತ್ತು. ಎಟಿ+ಸಿಪಿಐಎನ್? - ಸಿಮ್ ಸಿದ್ಧವಿದೆಯಾ? 'ರೆಡಿ'. ಎಟಿ+ಸಿಎಸ್‌ಕ್ಯೂ - ಸಿಗ್ನಲ್ ಎಷ್ಟು? ಉತ್ತರ 0ಯಿಂದ 31ರೊಳಗೆ. ಏನೂ ತಿಳಿಯದಿದ್ದರೆ 99. ಮಂಚದ ಹತ್ತಿರ 7 ಇದ್ದದ್ದು ಯುಎಸ್‌ಬಿ ವೈರ್ ಎಳೆದು ಕಿಟಕಿಯ ಗ್ರಿಲ್ಲಿಗೆ ಕಟ್ಟಿದರೆ 19 ಆಗುತ್ತಿತ್ತು. ಒಂದೊಂದು ಮೆಟ್ಟಿಲು ಎರಡು ಡೆಸಿಬಲ್, ಹಾಗಾಗಿ ಈ ಏರಿಕೆ ಸಣ್ಣದಲ್ಲ. ಪರದೆಯ ಮೇಲಿನ ಐದು ಕಡ್ಡಿಗಳ ಚಿತ್ರ ಇಷ್ಟು ನಿಖರವಾಗಿ ಯಾವತ್ತೂ ಹೇಳುವುದಿಲ್ಲ. ಆಮೇಲೆ ಎಟಿ+ಸಿಜಿಡಿಸಿಒಎನ್‌ಟಿ=1, "ಐಪಿ", ಮತ್ತು ಕಂಪನಿಯ ಬಾಗಿಲಿನ ಹೆಸರು. ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಅದಾದ ಮೇಲೆ ನಾಟಕದ ಡಯಲ್.

ಇವುಗಳ ನಡುವೆ ಒಂದು ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೆ. ಎಟಿ+ಸಿಆರ್‌ಇಜಿ? - ನೆಟ್‌ವರ್ಕಿನಲ್ಲಿ ಹೆಸರು ನೋಂದಾಯಿಸಿದೆಯಾ? ಉತ್ತರ 0,1 ಬಂದರೆ ಸ್ವಂತ ಮನೆಯಲ್ಲಿದ್ದೀಯ ಎಂದರ್ಥ. 0,2 ಅಂದರೆ ಹುಡುಕುತ್ತಿದ್ದೇನೆ. 0,3 ಅಂದರೆ ಒಳಗೆ ಬಿಡಲಿಲ್ಲ. 0,5 ಅಂದರೆ ರೋಮಿಂಗ್, ಪರಸ್ಥಳದಲ್ಲಿದ್ದೀಯ.

ನಮ್ಮ ದೇಶದಲ್ಲಿ ಪ್ರತಿ ಸರ್ಕಲ್ಲೂ ಬೇರೆ ನೆಟ್‌ವರ್ಕ್ ಇದ್ದ ಹಾಗೆ. ಹೆಸರು ಒಂದೇ ಆದರೂ ಸಂಕೇತ ಬೇರೆ. ಏರ್‌ಟೆಲ್ ಮುಂಬೈ 404-92, ಏರ್‌ಟೆಲ್ ಕರ್ನಾಟಕ 404-45. ಸಿಮ್ಮಿನಲ್ಲಿ ಬರೆದಿರುವ ಸಂಕೇತವನ್ನೂ ಗಾಳಿಯಲ್ಲಿ ಬರುತ್ತಿರುವ ಸಂಕೇತವನ್ನೂ ಮೊಡೆಮ್ ಹೋಲಿಸಿ ನೋಡುತ್ತದೆ. ದೀಪಾವಳಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಲ್ಯಾಪ್‌ಟಾಪ್ ತೆರೆದು ಕೂತರೆ, ಮುಂಬೈ ಸರ್ಕಲ್ ದಾಟಿದೊಡನೆ 1 ಹೋಗಿ 5 ಬರುತ್ತಿತ್ತು. ಸೊಲ್ಲಾಪುರದಲ್ಲಿ 5, ಸರಿ. ಗಾಣಗಾಪುರ ರೋಡ್ ಬಂದರೂ 5. ಕಲಬುರಗಿಯಲ್ಲಿ ಇಳಿದು ಊರಿಗೆ ಹೋಗಿ ಅವ್ವನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳಿದರೂ 5. ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ ಕೊಂಡಿ ಇನ್ನೂ ಹಾಗೇ ಇದೆ, ಯಂತ್ರ ಮಾತ್ರ "ನೀನಿಲ್ಲಿ ಪರಸ್ಥಳದವ" ಅನ್ನುತ್ತಿದೆ. ತಿರುಗಿ ಬಂದು ದಾದರ್‌ನಲ್ಲಿ ಇಳಿದರೆ 1. ಇಲ್ಲಿ ಮೂವತ್ತು ವರ್ಷವಾದರೂ ಕಟ್ಟಡದ ಮಂದಿ ನನ್ನನ್ನು ಕರೆಯುವುದು "ಕಾನಡಿ ಅಂಕಲ್" ಅಂತಲೇ. ಅದೂ ಸರಿ, ಇದೂ ಸರಿ. ಸಂಕೇತ ಹೋಲಿಸುವ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಕೇಳಬಾರದು.

2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. ಜುಲೈ 3ರಿಂದ ನಂಬರನ್ನು ಇಟ್ಟುಕೊಂಡೇ ರಾಜ್ಯ ಬದಲಿಸುವ ಅವಕಾಶವೂ ಬಂತು. ಅಲ್ಲಿಯವರೆಗೆ ಆ 5ಕ್ಕೆ ನಾವು ತೆತ್ತ ದುಡ್ಡು ನೆನೆದರೆ... ಇರಲಿ ಬಿಡಿ.

ಕಡ್ಡಿಯ ಇನ್ನೊಂದು ಕೆಲಸ ಎಸ್ಸೆಮ್ಮೆಸ್. ಎಟಿ+ಸಿಎಂಜಿಎಸ್ ಎಂದರೆ > ಚಿಹ್ನೆ ಬಂದು ಕಾಯುತ್ತದೆ. ಸಂದೇಶ ಬರೆದು ಕಂಟ್ರೋಲ್-ಝಡ್ ಒತ್ತಿದರೆ ಹೋಯಿತು. ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಕರೆಯೋಲೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಇದು ಬಹಳ ಉಪಯೋಗಕ್ಕೆ ಬಂತು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್, ಆದ್ದರಿಂದ ಒಂದು ಸಂದೇಶದ 140 ಬೈಟಿನಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಯುಸಿಎಸ್2, ಒಂದೊಂದಕ್ಕೆ 16 ಬಿಟ್. ಹಿಡಿಯುವುದು 70 ಮಾತ್ರ. ಆ ಎಪ್ಪತ್ತೂ ನಮ್ಮ ಲೆಕ್ಕದ ಅಕ್ಷರವಲ್ಲ. 'ಕನ್ನಡ' ಎಂದು ಬರೆಯಲು 0ಸಿ95, 0ಸಿಎ8, 0ಸಿಸಿಡಿ, 0ಸಿಎ8, 0ಸಿಎ1 ಎಂದು ಐದು ಸಂಕೇತ. 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಜಾಗ ತಿನ್ನುತ್ತದೆ. ರಾಜ್ಯೋತ್ಸವ, ಅಧ್ಯಕ್ಷರು, ಉಪನ್ಯಾಸ ಎನ್ನುವಷ್ಟರಲ್ಲಿ ಅರ್ಧ ಸಂದೇಶ ಮುಗಿದಿರುತ್ತದೆ! ಒತ್ತಕ್ಷರ ಇಲ್ಲದ ಕರೆಯೋಲೆ ಬರೆಯುವುದನ್ನು ಆಗ ಕಲಿತೆ. ಇಷ್ಟೆಲ್ಲ ಮಾಡಿ ಕಳಿಸಿದರೆ ಹಿರಿಯ ಸದಸ್ಯರೊಬ್ಬರಿಂದ ಫೋನ್: "ಏನೋ ಡಬ್ಬಿ ಡಬ್ಬಿ ಬಂದಿದೆಯಲ್ರೀ." ಆ ಹ್ಯಾಂಡ್‌ಸೆಟ್‌ನಲ್ಲಿ ಕನ್ನಡ ಲಿಪಿ ಇರಲಿಲ್ಲ.

2011ರ ಸೆಪ್ಟೆಂಬರ್ 27ರಿಂದ ದಿನಕ್ಕೆ ಒಂದು ಸಿಮ್ಮಿಗೆ 100 ಎಸ್ಸೆಮ್ಮೆಸ್ ಎಂಬ ಮಿತಿಯನ್ನು ಟ್ರಾಯ್ ತಂದಿತು. ಜಾಹೀರಾತುಗಳ ಕಾಟ ತಡೆಯಲು. ನವೆಂಬರಿನಲ್ಲಿ ಅದು 200 ಆಯಿತು. ಮರುವರ್ಷ ಆಗಸ್ಟಿನಲ್ಲಿ ನಡೆದದ್ದು ಕಾಟವಲ್ಲ. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆಯಾಗುತ್ತದೆ ಎಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹರಡಿ, ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿಯ ರೈಲಿಗೆ ಮುಗಿಬಿದ್ದರು. ಪುಣೆ, ಚೆನ್ನೈಗಳಿಂದಲೂ ಹೊರಟರು. ಕೇಂದ್ರ ಸರ್ಕಾರ 15 ದಿನ ಸಗಟು ಸಂದೇಶ ನಿಲ್ಲಿಸಿ 5ರ ಮಿತಿ ಹಾಕಿತು. ಸಂಘದ ಕರೆಯೋಲೆಗಳನ್ನು ಬದಿಗಿಟ್ಟು ನಾನು ಟಿವಿಯಲ್ಲಿ ಆ ಪ್ಲಾಟ್‌ಫಾರ್ಮ್ ನೋಡುತ್ತಾ ಕೂತಿದ್ದೆ. ಸೂಟ್‌ಕೇಸ್ ಹಿಡಿದ ಹುಡುಗರು, ನಮ್ಮ ರಾಜ್ಯದ ರಾಜಧಾನಿಯಿಂದ, ನಾನು ಮುಂಬೈಗೆ ಬಂದಾಗಿನ ವಯಸ್ಸಿನವರು.

ಕಡ್ಡಿ ಮೂಲೆ ಸೇರಿದರೂ ಭಾಷೆ ಸಾಯಲಿಲ್ಲ, ಫೋನಿನ ಹೊಟ್ಟೆ ಸೇರಿತು. ಸ್ಮಾರ್ಟ್‌ಫೋನಿನೊಳಗೆ ಎರಡು ಮಿದುಳು: ಪರದೆ ನೋಡಿಕೊಳ್ಳುವುದೊಂದು, ರೇಡಿಯೋ ನೋಡಿಕೊಳ್ಳುವುದೊಂದು. 2007ರ ಮೊದಲ ಐಫೋನಿನಲ್ಲಿ ಇವೆರಡರ ನಡುವಿನ ಮಾತು ಎಟಿ. ಗೂಗಲ್ ಆಂಡ್ರಾಯ್ಡ್ ಜೊತೆ ಮಾದರಿಯಾಗಿ ಕೊಟ್ಟ ರೇಡಿಯೋ ಕೋಡಿನಲ್ಲೂ ಎಟಿ. 2018ರಲ್ಲಿ ಅಮೆರಿಕದ ಸಂಶೋಧಕರು 11 ಕಂಪನಿಗಳ ಎರಡು ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಫರ್ಮ್‌ವೇರ್‌ಗಳನ್ನು ಜಾಲಾಡಿ, ಸುಮಾರು 3,500 ಬಗೆಯ ಎಟಿ ಆಜ್ಞೆಗಳನ್ನು ಹೆಕ್ಕಿದರು. ಕೆಲವು ಫೋನುಗಳಲ್ಲಿ ಯುಎಸ್‌ಬಿ ಕೇಬಲ್ ಮೂಲಕ ಆಜ್ಞೆ ಕೊಟ್ಟರೆ ಪರದೆಯ ಬೀಗವನ್ನೇ ದಾಟಬಹುದಿತ್ತು. ಕಂಡವರ ಚಾರ್ಜಿಂಗ್ ಕೇಬಲ್ಲಿಗೆ ಫೋನ್ ಚುಚ್ಚಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಮಾಲೀಕರಿಗೆ ಮುಚ್ಚಿದ ಬಾಗಿಲು ಕಳ್ಳನಿಗೆ ತೆರೆದಿರುವುದು ನನಗಂತೂ ಸರಿ ಕಾಣುವುದಿಲ್ಲ.

ಊರಲ್ಲಿ ತಮ್ಮನ ಹೊಲದ ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಇದೆ. ಕರೆಂಟ್ ಬರುವುದು ರಾತ್ರಿ ಎರಡಕ್ಕೋ ಮೂರಕ್ಕೋ. ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವ ಬದಲು ಹಾಸಿಗೆಯಿಂದಲೇ ಮಿಸ್ಡ್ ಕಾಲ್. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಸಿಮ್ ಹಾಕಿದ ಸಣ್ಣ ಜಿಎಸ್‌ಎಂ ಮಾಡ್ಯೂಲ್, ಪಕ್ಕದಲ್ಲಿ ಒಂದು ಮೈಕ್ರೋಕಂಟ್ರೋಲರ್. ಎರಡರ ನಡುವೆ ಸೀರಿಯಲ್ ತಂತಿ. ಕರೆ ಬಂದಾಗ ಮಾಡ್ಯೂಲ್ 'ರಿಂಗ್' ಎಂದು ಅಕ್ಷರಗಳಲ್ಲಿ ಬರೆಯುತ್ತದೆ, ಎಟಿ+ಸಿಎಲ್‌ಐಪಿ=1 ಎಂದು ಮೊದಲೇ ಹೇಳಿಟ್ಟಿದ್ದರೆ ಕರೆದವರ ನಂಬರನ್ನೂ ಬರೆಯುತ್ತದೆ. ನಂಬರು ತಮ್ಮನದೇ ಆದರೆ ಎಟಿಎಚ್, ಅಂದರೆ ಫೋನಿಡು. ರಿಲೇ ಟಕ್ ಅನ್ನುತ್ತದೆ, ಮೋಟರ್ ಶುರು. ಕಳೆದ ವರ್ಷ 2ಜಿ ಮಾಡ್ಯೂಲ್ ತೆಗೆದು 4ಜಿಯದನ್ನು ಹಾಕಿಸಿದ. ರಿಪೇರಿಯ ಹುಡುಗ ಮೈಕ್ರೋಕಂಟ್ರೋಲರಿನ ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲವಂತೆ.